ಮನೆಯೊಳಗಿನ ಕಸುಬು ಮತ್ತು ಊರಿನ ಸ್ಥಳವಿಂಗಡಣೆ: ಚಿತ್ರದುರ್ಗ ಸೀಮೆಯ ಕೆಲವು ನಿದರ್ಶನಗಳು

ನಗರ ಯೋಜನೆಯ ನಕ್ಷೆಯಲ್ಲಿ ವಾಸದ ವಲಯ ಬೇರೆ, ಕೈಗಾರಿಕೆಯ ವಲಯ ಬೇರೆ. ವಾಸದ ಮನೆಯಲ್ಲಿಯೇ ಕಸುಬು ನಡೆಸುವವರಿಗೆ ಇವೆರಡರಲ್ಲಿ ಯಾವುದು ಸಲ್ಲಬೇಕು? ಇದು ಕೇವಲ ಕಾನೂನಿನ ಪ್ರಶ್ನೆಯಲ್ಲ. ಇದರ ಹಿಂದೆ ದೀರ್ಘವಾದ ಇತಿಹಾಸವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯನ್ನು ಮುಂದಿಟ್ಟುಕೊಂಡು ಅದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಹಿಂದಿನ ಆಡಳಿತವು ಕಸುಬಿನ ಸ್ಥಳಕ್ಕಿಂತ ಅದರ ಸಾಧನವನ್ನೇ ಹೆಚ್ಚಾಗಿ ಗಮನಿಸುತ್ತಿದ್ದಿತು. ವಿಜಯನಗರ ಕಾಲದ ಶಾಸನಗಳಲ್ಲಿ ಮಗ್ಗದ ಮೇಲಿನ ಹಾಗೂ ಗಾಣದ ಮೇಲಿನ ತೆರಿಗೆಗಳು ಉಕ್ತವಾಗಿವೆ. ಮುಂದೆ ಮೈಸೂರು ಸಂಸ್ಥಾನದಲ್ಲಿ ಮೊಹತರ್ಫಾ ಎಂಬ ಹೆಸರಿನಿಂದ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲೆ ತೆರಿಗೆಯನ್ನು ಎತ್ತುತ್ತಿದ್ದರು. ಮನೆಯೂ ಮಗ್ಗವೂ ಒಂದೇ ಬಾಬಿನಲ್ಲಿ ಸೇರಿದ್ದುದು ಗಮನಾರ್ಹವಾದ ಸಂಗತಿ. ಎಷ್ಟು ಮಗ್ಗಗಳಿವೆ ಎಂಬುದು ಸರ್ಕಾರಕ್ಕೆ ಬೇಕಾಗಿದ್ದಿತೇ ಹೊರತು ಅವು ಮನೆಯೊಳಗೆ ಇರಬಹುದೇ ಎಂಬ ಪ್ರಶ್ನೆ ಹುಟ್ಟಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಸ್ಥಳವಿಂಗಡಣೆಯೇ ಇರಲಿಲ್ಲವೆಂದು ಭಾವಿಸಲಾಗದು. ಹೊಸದುರ್ಗ ತಾಲ್ಲೂಕಿನ ಮತ್ತೋಡು ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. ಅಲ್ಲಿಯ ಕುಲುಮೆಗಳನ್ನು ಊರಗೋಡೆಯ ಒಳಮಗ್ಗುಲಿಗೆ ಆತುಕೊಂಡ ಎತ್ತರದ ಜಗಲಿಯಲ್ಲಿ ಕಟ್ಟಿದ್ದರೆಂದು ಬಿ. ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರಿನಿಂದ ತಿಳಿದುಬರುತ್ತದೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಬೃಹತ್ತಾದ ಕಲ್ಲುಗಳು ಪ್ರತ್ಯೇಕವಾದೊಂದು ತಗ್ಗಿನಲ್ಲಿ ಇಂದಿಗೂ ಉಳಿದಿವೆ. ಬೆಂಕಿಯ ಭಯವಿದ್ದ ಕೆಲಸಕ್ಕೆ ಬೇರೆ ನೆಲೆಯನ್ನು ಗೊತ್ತುಮಾಡುತ್ತಿದ್ದರೆಂದು ಇವುಗಳಿಂದ ಊಹಿಸಬಹುದು.

ನೇಯ್ಗೆಯ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಕುಣಿಮಗ್ಗವನ್ನು ಹೂಡುವುದು ಮನೆಯ ನೆಲವನ್ನು ಅಗೆದು. ಆದುದರಿಂದ ಅದು ಮನೆಯ ಅಂಗವೇ ಆಗಿಬಿಡುತ್ತದೆ. ಇದೇ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆಯೂ ಈ ಸೀಮೆಯ ಕುರುಬರ ಕಂಬಳಿಯೂ ಮನೆತನದ ದುಡಿಮೆಯಿಂದ ಬೆಳೆದುವು. ಹೆಂಗಸರು ಮನೆಗೆಲಸದ ನಡುವೆಯೇ ಉಣ್ಣೆಯನ್ನು ನೂಲುತ್ತಿದ್ದರು. ಕಂಬಳಿಯ ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಲು ಉದ್ದನೆಯ ಬಯಲು ಬೇಕು. ಕೇರಿಯ ಬೀದಿಯೇ ಅದಕ್ಕೆ ಒದಗುತ್ತಿದ್ದಿತು.

ವಲಯವಿಂಗಡಣೆಯ ಆಧುನಿಕ ಕಲ್ಪನೆ ಹುಟ್ಟಿದುದು ಬೇರೆಯೇ ಪರಿಸರದಲ್ಲಿ. ನ್ಯೂಯಾರ್ಕ್ ನಗರ 1916ರಲ್ಲಿ ಇಂತಹ ನಿಯಮಗಳನ್ನು ಮಾಡಿತು. 1926ರಲ್ಲಿ ಓಹಿಯೋ ಪ್ರಾಂತದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅಂತಹ ನಿಯಮಗಳನ್ನು ಎತ್ತಿಹಿಡಿಯಿತು. ದೊಡ್ಡ ಕಾರ್ಖಾನೆಗಳ ಹೊಗೆ ಹಾಗೂ ಸದ್ದುಗಳಿಂದ ಮನೆಗಳನ್ನು ಕಾಪಾಡುವುದು ಅವುಗಳ ಉದ್ದೇಶಗಳಲ್ಲೊಂದು. ನಮ್ಮಲ್ಲಿ 1961ರ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು 1965ರಲ್ಲಿ ಜಾರಿಗೆ ಬಂದಿತು. ವಾಸ, ವಾಣಿಜ್ಯ, ಕೈಗಾರಿಕೆ, ಕೃಷಿ ಮೊದಲಾದ ಉಪಯೋಗಗಳಿಗೆ ಭೂಮಿಯನ್ನು ವಿಂಗಡಿಸುವ ವಿಧಾನ ಅದರಿಂದ ನೆಲೆಗೊಂಡಿತು. ಇದರೊಡನೆ 1948ರ ಕಾರ್ಖಾನೆಗಳ ಕಾಯಿದೆಯನ್ನು ಹೋಲಿಸಿ ನೋಡಬೇಕು. ಯಂತ್ರಶಕ್ತಿಯಿದ್ದಲ್ಲಿ 10 ಮಂದಿ, ಇಲ್ಲದಲ್ಲಿ 20 ಮಂದಿ ಕೆಲಸಗಾರರಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಒಂದು ಸ್ಥಳವನ್ನು ಕಾರ್ಖಾನೆಯೆಂದು ಪರಿಗಣಿಸಿತು. ಒಂದು ಕಾಯಿದೆ ನೋಡಿದುದು ದುಡಿಮೆಯ ಪ್ರಮಾಣವನ್ನು; ಇನ್ನೊಂದು, ಭೂಮಿಯ ಉಪಯೋಗವನ್ನು.

ಈ ವ್ಯತ್ಯಾಸದಲ್ಲಿಯೇ ಸಮಸ್ಯೆಯ ಮೂಲವಿದೆ. ಮಗ್ಗವನ್ನು ಕೈಗಾರಿಕೆಯೆಂದು ಕರೆದು ವಾಸದ ವಲಯದಿಂದ ಹೊರಗಿಟ್ಟರೆ ನೇಕಾರನು ಮನೆಯನ್ನೋ ಕಸುಬನ್ನೋ ಬಿಡಬೇಕಾಗುತ್ತದೆ. ಮನೆಯಲ್ಲಿದ್ದುಕೊಂಡೇ ನೂಲುವ, ಹೊಲಿಯುವ, ಹಪ್ಪಳ ಮಾಡುವ ಹೆಂಗಸರಿಗಂತೂ ಬೇರೆಡೆಗೆ ಹೋಗುವ ಅನುಕೂಲ ಅನೇಕ ವೇಳೆ ಇರುವುದಿಲ್ಲ. ಅಂತೆಯೇ, ಮನೆಯ ಕಸುಬೆಂಬ ಹೆಸರಿನಲ್ಲಿ ಹಗಲಿರುಳೂ ಸದ್ದು ಮಾಡುವ ಯಂತ್ರಗಳನ್ನು ಹೂಡಿದರೆ ನೆರೆಹೊರೆಯವರ ನೆಮ್ಮದಿ ಕೆಡುವುದೂ ನಿಜ. ಮತ್ತೋಡಿನ ಕುಲುಮೆ ಮತ್ತು ಮನೆಯ ಕುಣಿಮಗ್ಗಗಳನ್ನು ಒಟ್ಟಿಗೆ ನೋಡಿದಾಗ ವಿವೇಕದ ದಾರಿಯೊಂದು ಕಾಣುತ್ತದೆ. ಬೇರ್ಪಡಿಸಬೇಕಾದುದು ಅಪಾಯವನ್ನು, ಜೀವನೋಪಾಯವನ್ನಲ್ಲ. ಕಸುಬಿನ ಹೆಸರಿಗಿಂತ ಅದರ ಹೊಗೆ, ಸದ್ದು, ಬೆಂಕಿ, ಜನಸಂಖ್ಯೆಗಳನ್ನು ಅಳೆಯುವ ನಿಯಮವೇ ಈ ನಾಡಿನ ಅನುಭವಕ್ಕೆ ಸಮೀಪವಾದುದೆಂದು ಹೇಳಬಹುದು.