ಉಮರ್ಗಾ ದಾರಿಯ ಟ್ಯಾಂಕು

ಸೆಪ್ಟೆಂಬರ್ 17ರ ಮರಾಠವಾಡಾ ಮುಕ್ತಿ ಸಂಗ್ರಾಮ ದಿನಕ್ಕೆ ನಮ್ಮ ಶಾಲೆಯ ಮಕ್ಕಳು ರಟ್ಟಿನಲ್ಲಿ ಶೆರ್ಮನ್ ಟ್ಯಾಂಕ್ ಮಾಡಿದ್ದರು. ಹಸಿರು ಬಣ್ಣ ಬಳಿದು ಫಳಫಳ ಹೊಳೆಯುತ್ತಿತ್ತು. ‘ಇದು ಸೋಲಾಪುರದಿಂದ ಬಂತೋ, ಆಟಿಕೆ ಅಂಗಡಿಯಿಂದಲೋ?’ ಎಂದು ನಕ್ಕೆವು.

ಮೇಜರ್ ಜನರಲ್ ಜೆ.ಎನ್. ಚೌಧರಿಯವರ ಪಡೆ 1948ರ ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ಹೊರಟು, ನಳದುರ್ಗದ ಬೋರಿ ಹೊಳೆಯ ಸೇತುವೆ ಹಿಡಿದು ಉಮರ್ಗಾಕ್ಕೆ ಬಂತು. ಮಳೆಗಾಲ, ಮೇಲಾಗಿ ನಮ್ಮದು ಎರೆಭೂಮಿ! ಆದ್ದರಿಂದ ಎರೆಮಣ್ಣು ಜರಡಿ ಹಿಡಿದು, ಫೆವಿಕಾಲ್ ನೀರಿನಲ್ಲಿ ಕಲಸಿ, ಗಾಲಿ ಮತ್ತು ಪಟ್ಟಿಗಳಿಗೆ ಹಚ್ಚಿಸಿದೆವು. ಮೇಲ್ಭಾಗಕ್ಕೆ ಬರೀ ಧೂಳು. ಅಂಚುಗಳಿಗೆ ಪೆನ್ಸಿಲ್ ಪುಡಿ ತಿಕ್ಕಿದರೆ ಬಣ್ಣ ಸವೆದು ಕಬ್ಬಿಣ ಕಂಡಂತಾಗುತ್ತದೆ. ತುಕ್ಕಿನ ಬಣ್ಣ ಬೇಡವೆಂದೆವು, ದಿನವೂ ಓಡುವ ಟ್ಯಾಂಕಿಗೆ ಅಷ್ಟು ತುಕ್ಕು ಎಲ್ಲಿಂದ?

ಪಕ್ಕದ ಚೀಟಿ ಬರೆಯುವಾಗ ತೊಡಕಾಯಿತು. ಆಗ ನಿಲಂಗಾ, ಉದಗೀರ ಬೀದರ್ ಜಿಲ್ಲೆಯಲ್ಲಿದ್ದವು, 1956ರಲ್ಲಿ ಈಚೆಗೆ ಬಂದವು. ಆ ಪೊಲೀಸ್ ಕಾರ್ಯಾಚರಣೆಯಿಂದ ರಜಾಕಾರರ ಹಾವಳಿ ನಿಂತಿತು. ಅದರ ಹಿಂದೆಯೇ ಈ ಸೀಮೆಯ ಮುಸ್ಲಿಮರ ಕೊಲೆ, ಲೂಟಿ ನಡೆದವು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಬೀದರ್ ಮತ್ತು ಉಸ್ಮಾನಾಬಾದ್ (ಇಂದಿನ ಧಾರಾಶಿವ) ಹೆಸರನ್ನು ಸುಂದರಲಾಲ್ ಸಮಿತಿ ಬರೆದಿದೆ. ಚೀಟಿಯಲ್ಲಿ ಎರಡನ್ನೂ ಬರೆಸಿದೆವು.

‘ಎರಡನೆಯದು ಯಾಕ್ರಿ ಗುರುಗಳೇ?’ ಎಂದು ಪಾಲಕರೊಬ್ಬರು ಕೇಳಿದರು. ನಾವು ತೆಗೆಸಲಿಲ್ಲ.