ಜಾಲರಿಯ ತೂತು

ಮಂಗಳೂರಿನ ನಮ್ಮ ಮನೆಯ ಹಿಂಬಾಗಿಲಿಗೆ ಸರಿಸುವ ಸೊಳ್ಳೆ ಜಾಲರಿಯಿದೆ. ಅದರಲ್ಲಿ ಬೆರಳು ತೂರುವಷ್ಟು ತೂತಾಗಿತ್ತು. ಇಷ್ಟಕ್ಕೇನು ಎಂದು ಒಂದು ಮಳೆಗಾಲ ಉದಾಸೀನ ಮಾಡಿದೆ. ಆ ಮಳೆಗಾಲದಲ್ಲೇ ಮಗಳು ಮಲೇರಿಯಾದಿಂದ ನಡುಗುತ್ತ ಮಲಗಿದಳು. ಸೊಳ್ಳೆ ಎಲ್ಲಿ ಕಚ್ಚಿತೋ ಹೇಳಲಾರೆ. ನನ್ನ ಕಣ್ಣು ಮಾತ್ರ ಆ ತೂತಿನ ಮೇಲೆಯೇ ಇತ್ತು.

1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡದ್ದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಮುಂದಿನ ಕಥೆಯನ್ನು ಹೇಳಿರಲಿಲ್ಲ. 1900ರಲ್ಲಿ ಸ್ಯಾಂಬನ್ ಮತ್ತು ಲೋ ಎಂಬ ವೈದ್ಯರು ರೋಮ್ ನಗರದ ಹತ್ತಿರ, ಓಸ್ಟಿಯಾದ ಜೌಗು ಪ್ರದೇಶದಲ್ಲಿ, ಬಾಗಿಲು ಕಿಟಕಿಗಳಿಗೆ ತಂತಿ ಜಾಲರಿ ಬಿಗಿದ ಮರದ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ವಾಸಿಸಿದರು. ಹೊತ್ತು ಮುಳುಗುವ ಮೊದಲೇ ಒಳಗೆ ಸೇರುತ್ತಿದ್ದರು. ಕ್ವಿನೈನ್ ಮುಟ್ಟಲಿಲ್ಲ. ಸುತ್ತಲಿನವರು ಜ್ವರದಿಂದ ನರಳಿದರೂ ಇವರಿಗೆ ಅದು ತಗುಲಲಿಲ್ಲ.

ಮಗಳು ಚೇತರಿಸಿಕೊಂಡ ಮೇಲೆ, ಒಂದು ಭಾನುವಾರ ಜಾಲರಿಯ ಚೌಕಟ್ಟನ್ನು ಮೇಲಕ್ಕೆತ್ತಿ, ಕೆಳಗಿನ ಗಾಲಿಗಳನ್ನು ಹಳಿಯಿಂದ ತಪ್ಪಿಸಿ ಹೊರತೆಗೆದೆ. ಅಂಚಿನ ರಬ್ಬರ್ ಎಳೆಯನ್ನು ಬಿಡಿಸಿ, ಹೊಸ ಬಲೆ ಹಾಸಿ, ಎಳೆಯನ್ನು ಮತ್ತೆ ಸಂದಿಗೆ ಒತ್ತಿ, ಮಿಕ್ಕ ಬಲೆಯನ್ನು ಕತ್ತರಿಸಿದೆ. ಒಂದು ಗಂಟೆ ಹಿಡಿಯಿತು. ಆ ಗಂಟೆಯನ್ನು ಮಳೆಗಾಲಕ್ಕೆ ಮೊದಲೇ ಕೊಡಲಿಲ್ಲವಲ್ಲ ಎಂಬ ಕೊರಗು ಉಳಿದಿದೆ.