ಚೆಲ್ಲಿದ ಸರಕಿಗೆ ವಾರಸುದಾರರು ಯಾರು?

ಗೂಡ್ಸ್ ರೈಲು ಹಳಿ ತಪ್ಪಿದ ಸುದ್ದಿಗೆ ನಮ್ಮ ಪೇಪರುಗಳಲ್ಲಿ ಒಂದು ಅಚ್ಚು ಇದೆ. ಇಷ್ಟು ವ್ಯಾಗನ್ ಉರುಳಿದವು, ಪ್ರಾಣಹಾನಿ ಇಲ್ಲ, ಇಂತಿಂಥ ರೈಲು ರದ್ದು, ದುರಸ್ತಿ ಭರದಿಂದ ಸಾಗಿದೆ. ಎರಡು ದಿನ ಕಳೆದರೆ ಸಂಚಾರ ಮತ್ತೆ ಶುರು ಅಂತ ನಾಲ್ಕು ಸಾಲು. ಅಲ್ಲಿಗೆ ಮುಗೀತು. ಆ ವ್ಯಾಗನ್‌ಗಳ ಒಳಗೆ ಇದ್ದದ್ದು ಎಲ್ಲಿ ಹೋಯಿತು? ಯಾರು ತುಂಬಿಕೊಂಡರು, ಯಾರಿಗೆ ದುಡ್ಡು ಬಂತು, ಸಿಗದೆ ಉಳಿದದ್ದು ಈಗ ಎಲ್ಲಿ ಬಿದ್ದಿದೆ? ಸಕಲೇಶಪುರ, ಆಲೂರು ಕಡೆಯವರಿಗೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ. ನಮ್ಮ ಘಟ್ಟದಿಂದ ಜಾರಿದ್ದೆಲ್ಲ ಕೊನೆಗೆ ಯಾರೋ ಕುಡಿಯುವ ನೀರಿನ ದಾರಿ ಹಿಡಿಯುತ್ತದೆ.

ಮೊದಲು ಹಳಿಯ ಕಥೆ ಹೇಳಿಬಿಡುತ್ತೇನೆ.

ಹಾಸನದಿಂದ ಆಲೂರು, ಬಾಳ್ಳುಪೇಟೆ ದಾಟಿ ಸಕಲೇಶಪುರದವರೆಗೆ ರೈಲು ಹೆಚ್ಚು ತಕರಾರಿಲ್ಲದೆ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಕೊನೆಗೆ ಸುಬ್ರಹ್ಮಣ್ಯ ರಸ್ತೆ. ಸುಮಾರು 55 ಕಿ.ಮೀ. ದಾರಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಇಳಿಜಾರು 50ಕ್ಕೆ 1, ಅಂದರೆ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಬಸ್ಸಿಗೆ ಇದು ಇಳಿಜಾರೇ ಅಲ್ಲ. ಉಕ್ಕಿನ ಹಳಿ ಮೇಲೆ ಉಕ್ಕಿನ ಚಕ್ರ ಉರುಳುವ ರೈಲಿಗೆ ಮಾತ್ರ ಇದು ಭಾರೀ ಇಳಿಜಾರು.

ಇಂಥ ಜಾಗದಲ್ಲಿ ಹಳಿ ಹಾಕಿದ್ದು ಯಾತ್ರಿಕರಿಗಾಗಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಸಲಿಗೆ ಇದು ಬಂದರಿಗಾಗಿ ಹುಟ್ಟಿದ ಹಳಿ. ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ದೇಶದ ದೊಡ್ಡ ಬಂದರುಗಳ ಪಟ್ಟಿಗೆ ಸೇರಿತು. ಬಂದರು ಇದ್ದ ಮೇಲೆ ಘಟ್ಟದ ಮೇಲಿನಿಂದ ಸರಕು ಇಳಿಯಬೇಕಲ್ಲ? ಹಾಸನ-ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ. 1996ರಲ್ಲಿ ಬ್ರಾಡ್ ಗೇಜ್ ಮಾಡುತ್ತೇವೆಂದು ಘಾಟಿ ಭಾಗ ಮುಚ್ಚಿದರು. ಮುಚ್ಚಿದ್ದು ಹತ್ತು ವರ್ಷ ಮುಚ್ಚಿಯೇ ಇತ್ತು.

ಆ ಹತ್ತು ವರ್ಷದ ಕೊನೆಯಲ್ಲೇ ಚೀನಾದ ಉಕ್ಕಿನ ಹಸಿವು ಬಳ್ಳಾರಿಯನ್ನು ಮುಟ್ಟಿತು. ರೈಲಿಲ್ಲದ ಘಟ್ಟದಲ್ಲಿ ಅದಿರು ಇಳಿದದ್ದು ಲಾರಿಯಲ್ಲಿ. ಆಗ 48 ಅಂತಿದ್ದ (ಈಗ 75) ರಾಷ್ಟ್ರೀಯ ಹೆದ್ದಾರಿಯ ಶಿರಾಡಿ ಘಾಟಿಯನ್ನು ಆ ಕಾಲದಲ್ಲಿ ನೋಡಿದವರಿಗೆ ನೆನಪಿರುತ್ತದೆ. ರಸ್ತೆ ಪಕ್ಕದ ಎಲೆಯ ಬಣ್ಣ ಹಸಿರಲ್ಲ, ಕೆಂಪು. ಗುಂಡಿಯಲ್ಲಿ ನಿಂತ ಮಳೆನೀರೂ ಕೆಂಪು. ಒಂದು ಲಾರಿ ಮಗುಚಿದರೆ ಅದಿರನ್ನು ಪಕ್ಕಕ್ಕೆ ದೂಡಿ ದಾರಿ ಬಿಡಿಸುತ್ತಿದ್ದರು. ಪಕ್ಕ ಅಂದರೆ ಕಣಿವೆ!

2003ರಲ್ಲಿ ಕೇಂದ್ರದ ರೈಲ್ವೆ ಮತ್ತು ರಾಜ್ಯ ಸರ್ಕಾರ ಕೈಜೋಡಿಸಿ ಹಾಸನ ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಕಟ್ಟಿದವು. 2006ರ ಮೇ ತಿಂಗಳಲ್ಲಿ ಹೊಸ ಹಳಿ ಮೇಲೆ ಗೂಡ್ಸ್ ಓಡಿತು. ಪ್ರಯಾಣಿಕರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಈ ಹಳಿ ಯಾರಿಗಾಗಿ ಅನ್ನುವುದಕ್ಕೆ ಈ ಒಂದೂವರೆ ವರ್ಷದ ಅಂತರವೇ ಸಾಕು. ಸರಕು ಮೊದಲು, ಮನುಷ್ಯ ಆಮೇಲೆ.

ಸರಿ, ರೈಲು ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಅದಿರು, ಕಲ್ಲಿದ್ದಲು ಹೊರುವ ಬಾಕ್ಸ್‌ಎನ್ ಅನ್ನುವ ತೆರೆದ ವ್ಯಾಗನ್ನಿನಲ್ಲಿ ಸುಮಾರು 58 ಟನ್ ಹಿಡಿಯುತ್ತದೆ. ಹತ್ತು ಟನ್ನಿನ ಲಾರಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರು ಲಾರಿ. ಅಂಥ 58 ವ್ಯಾಗನ್ ಸೇರಿದರೆ ಒಂದು ರೈಲು. ಸುಮಾರು 3,300 ಟನ್ ಸರಕು ಹಿಂದಿನಿಂದ ನೂಕುತ್ತಿರುತ್ತದೆ, ಮುಂದೆ ತಿರುವು. ಚಕ್ರ ಹಳಿಯ ಮೇಲೆ ನಿಲ್ಲುವುದು ಒಳಗಡೆ ಇರುವ ಒಂದು ಅಂಚಿನ ಬಲದಿಂದ. ತಿರುವಿನಲ್ಲಿ ಹೊರಗಿನ ಹಳಿ ಸವೆದಿದ್ದರೆ, ಭಾರ ಒಂದು ಕಡೆ ಜಾಸ್ತಿಯಾಗಿದ್ದರೆ, ಜಲ್ಲಿ ಕುಸಿದಿದ್ದರೆ, ಆ ಅಂಚು ಹಳಿ ಹತ್ತಿ ಆಚೆ ಇಳಿಯುತ್ತದೆ. ಮಳೆಗಾಲದಲ್ಲಂತೂ ಮೇಲಿನಿಂದ ಬಂಡೆಯೋ ಮರವೋ ಬಿದ್ದರೂ ಸಾಕು. ಅದಕ್ಕೇ ಘಾಟಿಯಲ್ಲಿ ವೇಗಕ್ಕೆ ಕಡಿವಾಣ, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಹಳಿ ಮೇಲೆ ನಡೆಯುವ ಗಸ್ತಿನವರು. ಅವರ ಹೆಸರು ಯಾವ ಪೇಪರಿನಲ್ಲೂ ಬರುವುದಿಲ್ಲ. ಬಾರದೇ ಇದ್ದರೇ ಅವರ ಕೆಲಸ ಸರಿಯಾಗಿ ಆಗಿದೆ ಅಂತ ಅರ್ಥ.

ಹಳಿ ತಪ್ಪಿದ ಮೇಲೆ ಮೊದಲು ಬರುವುದು ಅಪಘಾತ ಪರಿಹಾರ ರೈಲು. ಅದರ ಗುರಿ ಒಂದೇ, ದಾರಿ ಬಿಡಿಸುವುದು. ಬಯಲುಸೀಮೆಯಲ್ಲಾದರೆ ದೊಡ್ಡ ಕ್ರೇನ್ ತಂದು ವ್ಯಾಗನ್ ಎತ್ತಿ ಇಡುತ್ತಾರೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ ಇರುವಲ್ಲಿ ಕ್ರೇನ್ ಕೈ ಚಾಚುವುದೆಲ್ಲಿಗೆ? ಜಾಕ್ ಕೊಟ್ಟು ಎತ್ತಿ ಹಳಿಗೆ ಕೂರಿಸಲು ಆದರೆ ಆಯಿತು. ಆಗದ ವ್ಯಾಗನ್ನನ್ನು ಪಕ್ಕಕ್ಕೆ ಉರುಳಿಸಿ, ಆಮೇಲೆ ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಸರಕಿನ ಪಾಳಿ ಬರುವುದು ಇದೆಲ್ಲ ಆದ ಮೇಲೆ.

ಆ ಸರಕು ಯಾರದ್ದು? ಇಲ್ಲಿ ಕಾನೂನಿನ ಇತಿಹಾಸ ಮಜವಾಗಿದೆ. 1961ರ ಕೊನೆಯವರೆಗೆ ನಮ್ಮ ರೈಲ್ವೆಯ ಹೊಣೆ ಒತ್ತೆ ಇಟ್ಟುಕೊಂಡವನ ಹೊಣೆಯಷ್ಟೇ ಇತ್ತು. ಸಾಮಾನ್ಯ ಎಚ್ಚರದಿಂದ ನೋಡಿಕೊಂಡಿದ್ದರೆ ಸಾಕು. 1962ರ ಜನವರಿಯಿಂದ ಅದು ಸಾಗಣೆದಾರನ ಪೂರ್ಣ ಹೊಣೆಯಾಯಿತು. ಈಗಿರುವ 1989ರ ರೈಲ್ವೆ ಕಾಯ್ದೆಯ 93ನೇ ಕಲಮಿನಲ್ಲೂ ಅದೇ ಮಾತು. ದೈವಕೃತ, ಯುದ್ಧ, ಬೆಂಕಿ ಮುಂತಾದ ಕಾರಣ ಬಿಟ್ಟರೆ ನಷ್ಟಕ್ಕೆ ರೈಲ್ವೆಯೇ ಜವಾಬ್ದಾರಿ. ಗುಡ್ಡ ಜರಿದದ್ದು ದೈವಕೃತ ಅಂದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ತಕ್ಕ ಮುಂಜಾಗ್ರತೆ ವಹಿಸಿದ್ದೆವು ಅಂತ ರೈಲ್ವೆಯೇ ಸಾಬೀತು ಮಾಡಬೇಕು. ಸರಕಿನ ಧಣಿ ಆರು ತಿಂಗಳ ಒಳಗೆ ಪರಿಹಾರಕ್ಕೆ ನೋಟಿಸ್ ಕೊಡಬೇಕು. ಒಪ್ಪಂದ ಆಗದಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ಇದೆ. ಹಣ್ಣು ತರಕಾರಿಯಂಥ ಕೊಳೆಯುವ ಮಾಲು ದಾರಿ ಮಧ್ಯೆ ಸಿಕ್ಕಿಕೊಂಡರೆ ಮಾರಿಬಿಡಲು 85ನೇ ಕಲಮು ಅನುಮತಿ ಕೊಡುತ್ತದೆ. ಆ ಕಲಮಿನಲ್ಲಿ ಪ್ರವಾಹ, ಭೂಕುಸಿತ, ಹಳಿ ತಪ್ಪುವುದು ಮೂರನ್ನೂ ಹೆಸರು ಹಿಡಿದೇ ಬರೆದಿದ್ದಾರೆ. ನಮ್ಮ ಘಾಟಿಯನ್ನು ನೋಡಿಯೇ ಬರೆದರೇನೋ ಅನ್ನಿಸುತ್ತದೆ!

ಹಾಗಾದರೆ ಊರಿನವರು? ಬಿದ್ದ ಮೂಟೆ ಬಿದ್ದವನಿಗಲ್ಲ, ಕಂಡವನಿಗೆ ಅನ್ನುವುದು ಎಲ್ಲ ದೇಶದ ಜನರ ನಂಬಿಕೆ. ಕಾನೂನು ಮಾತ್ರ ಒಪ್ಪುವುದಿಲ್ಲ. 1955ರಲ್ಲಿ ಇದ್ದ ಕಾಯ್ದೆ ರೈಲ್ವೆಯ ಸ್ವಂತ ಸಾಮಾನಿಗೆ ಮಾತ್ರ ಅನ್ವಯಿಸುತ್ತಿತ್ತು. 1966ರಲ್ಲಿ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆ ಬಂತು. ರೈಲ್ವೆಯ ವಶದಲ್ಲಿರುವ ಯಾವುದೇ ಸರಕು, ಅದು ಯಾರದ್ದೇ ಇರಲಿ, ರೈಲ್ವೆ ಆಸ್ತಿ ಅಂತ ಬಿಗಿ ಮಾಡಿದರು. ಶಿಕ್ಷೆ ಐದು ವರ್ಷದವರೆಗೆ. ಮಗುಚಿದ ವ್ಯಾಗನ್ ಪಕ್ಕದಿಂದ ಒಂದು ಚೀಲ ಗೊಬ್ಬರ ಹೊತ್ತವನ ಮೇಲೆ ಇದೇ ಕೇಸು ಬೀಳಬಹುದು.

ಅಂದರೆ ನೋಡಿ, ವ್ಯವಸ್ಥೆ ಎಷ್ಟು ಅಚ್ಚುಕಟ್ಟು. ಧಣಿಗೆ ಪರಿಹಾರ. ರೈಲ್ವೆಗೆ ಹಳಿ. ಗುಜರಿಯವನಿಗೆ ಕಬ್ಬಿಣ. ಚೀಲ ಹೊತ್ತವನಿಗೆ ಜೈಲು. ಎಲ್ಲರಿಗೂ ಒಂದೊಂದು ಕಲಮು ಇದೆ. ತುಂಬಲಾಗದೆ ಇಳಿಜಾರಿನಲ್ಲೇ ಉಳಿದ ಸರಕಿಗೆ?

ನಮ್ಮ ಘಟ್ಟದ ನೀರಿನ ದಾರಿ ಗೊತ್ತಿದ್ದರೆ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಸಕಲೇಶಪುರ ಪೇಟೆಯ ಮಗ್ಗುಲಲ್ಲೇ ಹರಿಯುವ ಹೇಮಾವತಿ ಪೂರ್ವಕ್ಕೆ, ಕಾವೇರಿಗೆ ಹೋಗುತ್ತದೆ. ಘಾಟಿ ಇಳಿಯತೊಡಗಿದ ಮೇಲೆ ನೀರೆಲ್ಲ ಪಶ್ಚಿಮಕ್ಕೆ. ಹಳ್ಳಗಳು ಕೆಂಪುಹೊಳೆ, ಗುಂಡ್ಯ ಹೊಳೆಗಳಿಗೆ ಸೇರಿ ಕುಮಾರಧಾರೆಗೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ. ಮಂಗಳೂರು ಕುಡಿಯುವುದು ತುಂಬೆ ಅಣೆಕಟ್ಟೆಯ ನೇತ್ರಾವತಿ ನೀರನ್ನು. ಘಟ್ಟದ ಹಳಿ ಪಕ್ಕದ ಚರಂಡಿಗೂ ಮಂಗಳೂರಿನ ನಲ್ಲಿಗೂ ನಡುವೆ ಹೊಳೆ ಬಿಟ್ಟರೆ ಬೇರೇನೂ ಇಲ್ಲ.

ದೊಡ್ಡ ಅಪಘಾತ ಆದಾಗ ಮಾತ್ರ ಚೆಲ್ಲುತ್ತದೆ ಅಂದುಕೊಳ್ಳಬೇಡಿ. ತೆರೆದ ವ್ಯಾಗನ್ನಿನಿಂದ ದಿನಾ ಚೂರು ಚೂರು ಉದುರುತ್ತದೆ. ಆ ಪುಡಿ ಹಳಿ ಕೆಳಗಿನ ಜಲ್ಲಿಯ ಸಂದಿಗೆ ಇಳಿದು ಕೂರುತ್ತದೆ. ಜಲ್ಲಿ ಹಾಕುವುದೇ ನೀರು ಬಸಿದು ಹೋಗಲಿ ಅಂತ. ಸಂದಿ ಮುಚ್ಚಿದರೆ ನೀರು ನಿಲ್ಲುತ್ತದೆ, ಹಳಿ ಸಡಿಲವಾಗುತ್ತದೆ. ಇವತ್ತು ಉದುರಿದ ಸರಕು ನಾಳೆ ಹಳಿ ತಪ್ಪಲು ಕಾರಣವಾಗಬಹುದು. ಅದಕ್ಕೇ ಆಗಾಗ ಜಲ್ಲಿಯನ್ನು ಅಗೆದು ಜರಡಿ ಹಿಡಿಯಬೇಕು. ಕಾಳು ಉದುರಿದರೆ ಇನ್ನೊಂದು ತೊಂದರೆ. ಕೆನಡಾದ ಬ್ಯಾನ್ಫ್ ಅರಣ್ಯದಲ್ಲಿ ವ್ಯಾಗನ್ನಿನಿಂದ ಸೋರಿದ ಧಾನ್ಯ ತಿನ್ನಲು ಕರಡಿಗಳು ಹಳಿಗೆ ಬಂದು ರೈಲಿಗೆ ಸಿಕ್ಕಿ ಸತ್ತಿವೆ. ಆಲೂರು, ಸಕಲೇಶಪುರದಲ್ಲಿ ಆನೆ ಕಾಟ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ. ಆನೆಗೆ ಹಳಿ ಮೇಲೆ ಊಟ ಬಡಿಸುವುದು ನಮಗೆ ಬೇಡ.

ಅದಿರಿನ ಕಾಲ ಮುಗಿದದ್ದೂ ಬೇಗ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಕ್ಕೂ ಮುಂಚೆ, 2009ರ ಜುಲೈನಲ್ಲಿ, ನವ ಮಂಗಳೂರಿನಲ್ಲಿ ಸುಮಾರು 13,600 ಟನ್ ಅದಿರಿನ ಪುಡಿ ತುಂಬಿಕೊಂಡು ಚೀನಾಕ್ಕೆ ಹೊರಟ 'ಏಷ್ಯನ್ ಫಾರೆಸ್ಟ್' ಹಡಗು ನಮ್ಮ ಕಡಲಲ್ಲೇ ಮುಳುಗಿತು. ಮಳೆಗಾಲದಲ್ಲಿ ನೆನೆದ ಪುಡಿ ಅಲುಗಾಟಕ್ಕೆ ಕೆಸರಿನಂತೆ ಹರಿದು ಒಂದು ಕಡೆ ವಾಲುತ್ತದೆ, ಹಡಗೂ ವಾಲುತ್ತದೆ. ಪುಣ್ಯಕ್ಕೆ ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆಯವರು ಉಳಿಸಿದರು. ಅದಿರು ಮಾತ್ರ ಸಮುದ್ರದ ತಳದಲ್ಲೇ ಉಳಿಯಿತು.

ಅದಿರು ಹೋದರೂ ಗೂಡ್ಸ್ ನಿಂತಿಲ್ಲ, ಗುಡ್ಡ ಜರಿಯುವುದೂ ನಿಂತಿಲ್ಲ. 2018ರ ಆಗಸ್ಟಿನ ಮಳೆಗೆ ಈ ಘಾಟಿ ಎಷ್ಟೋ ಕಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು. 2024ರ ಜುಲೈ 26ರಂದು ಎಡಕುಮೇರಿ-ಕಡಗರವಳ್ಳಿ ಮಧ್ಯೆ ಹಳಿ ಕೆಳಗಿನ ಮಣ್ಣೇ ಜಾರಿತು. ದುರಸ್ತಿ ಆದ ಮೇಲೆ ಮೊದಲು ಗೂಡ್ಸ್ ಬಿಟ್ಟು ನೋಡಿ, ಆಮೇಲೆ ಪ್ರಯಾಣಿಕರ ರೈಲು ಬಿಟ್ಟರು. ಇಲ್ಲೂ ಸರಕೇ ಮೊದಲು!

ನಮ್ಮ ರಾಜ್ಯದಿಂದ ಕಡಲಿಗೆ ಇಳಿಯುವ ಇನ್ನೊಂದು ಘಾಟಿ ಹಳಿ ಕ್ಯಾಸಲ್ ರಾಕ್-ದೂಧಸಾಗರದ್ದು. ಅದೇ 2024ರ ಆಗಸ್ಟ್ 9ರಂದು ಅಲ್ಲಿ ಕಲ್ಲಿದ್ದಲು ತುಂಬಿದ್ದ 17 ವ್ಯಾಗನ್ ಹಳಿ ತಪ್ಪಿದವು. ಬಾಕ್ಸ್‌ಎನ್ ಲೆಕ್ಕ ಹಿಡಿದರೆ 17 ವ್ಯಾಗನ್ ಅಂದರೆ ಸಾವಿರ ಟನ್ನಿನ ಹತ್ತಿರ. ಕಾಡಿನ ನಡುವೆ, ಸುರಿಯುವ ಮಳೆಗಾಲದಲ್ಲಿ. ಯಾವ ರೈಲು ರದ್ದಾಯಿತು, ಯಾವುದು ಬಳಸಿ ಹೋಯಿತು ಅನ್ನುವುದೆಲ್ಲ ಸುದ್ದಿಯಾಯಿತು.

ಸಮುದ್ರದ ವಿಷಯದಲ್ಲಿ ಹೀಗಿಲ್ಲ ಅನ್ನುವುದನ್ನು ಗಮನಿಸಬೇಕು. 2025ರ ಮೇ 25ರಂದು ಕೊಚ್ಚಿ ಹತ್ತಿರ 'ಎಂಎಸ್‌ಸಿ ಎಲ್ಸಾ 3' ಹಡಗು 640 ಕಂಟೇನರ್ ಸಮೇತ ಮುಳುಗಿ, ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಂದು ಬಿದ್ದವು. ಕೇರಳ ಸರ್ಕಾರ ಹೈಕೋರ್ಟಿಗೆ ಹೋಗಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿತು. ಅಂದರೆ ಕಡಲಿನ ಪರವಾಗಿ, ಮೀನುಗಾರರ ಪರವಾಗಿ ಒಬ್ಬರು ವಾರಸುದಾರರು ನಿಂತರು. ಘಟ್ಟದ ಹಳ್ಳಕ್ಕೂ ಬಾಗಿಲು ಇಲ್ಲ ಅಂತಲ್ಲ. 2010ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ಹಸಿರು ಪೀಠಕ್ಕೆ ಪರಿಹಾರ ಕೇಳಲು ಐದು ವರ್ಷ ಅವಕಾಶವಿದೆ. ಆದರೆ ದಾಖಲೆ ಇಲ್ಲದೆ ಹೋಗಿ ಏನು ಹೇಳುವುದು? ಎಷ್ಟು ಬಿತ್ತು, ಎಲ್ಲಿ ಬಿತ್ತು ಅಂತ ಊರಿನವನಿಗೆ ಗೊತ್ತೇ ಇರುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂದ ಹಾಗೆ, ಧಣಿ ಮತ್ತು ರೈಲ್ವೆಯ ಲೆಕ್ಕಾಚಾರದಲ್ಲಿ ಹಳ್ಳದ ಸುದ್ದಿಯೇ ಇಲ್ಲ.

ತಮಾಷೆ ಅಂದರೆ ಈ ಲೆಕ್ಕಕ್ಕೆ ಬೇಕಾದ ಅಂಕಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ತುಂಬಿದ ತೂಕ ರೈಲ್ವೆ ರಸೀದಿಯಲ್ಲಿ ಇರುತ್ತದೆ. ಪರಿಹಾರ ಲೆಕ್ಕ ಹಾಕಬೇಕಾದರೆ ಧಣಿಗೆ ಎಷ್ಟು ತಲುಪಿತು ಅನ್ನುವುದನ್ನೂ ತೂಗಲೇಬೇಕು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಗುಡ್ಡದಲ್ಲಿ ಉಳಿದದ್ದು ಎಷ್ಟು ಅಂತ ಸಿಗುತ್ತದೆ. ನಾಲ್ಕನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ. ಪ್ರತಿ ಸಲ ಹಳಿ ತಪ್ಪಿದಾಗಲೂ ಈ ಮೂರು ಅಂಕಿಯನ್ನು ಕೆಳಗಿನ ಗ್ರಾಮ ಪಂಚಾಯಿತಿಯ ಬೋರ್ಡಿಗೆ ಅಂಟಿಸಿದರೆ ಸಾಕು, ವಾರಸುದಾರರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ.

ಮುಂದಿನ ಸಲ ಪೇಪರಿನಲ್ಲಿ 'ಪ್ರಾಣಹಾನಿ ಇಲ್ಲ' ಅಂತ ಓದಿದಾಗ ಸಮಾಧಾನ ಪಡಿ, ಪಡಲೇಬೇಕು. ಆಮೇಲೆ ಒಂದು ಮಾತು ಕೇಳಿ ನೋಡಿ: ತುಂಬಿದ್ದು ಎಷ್ಟು, ಎತ್ತಿದ್ದು ಎಷ್ಟು?